ಮುಂಗಡ ಪಡೆದವರು ಲೆಕ್ಕ ಒಪ್ಪಿಸಲಿ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕಾರ್ಮಿಕ ಒಂದು ಸೋಪು ಕೊಂಡರೂ ಬೊಕ್ಕಸಕ್ಕೆ ತೆರಿಗೆ ಸಲ್ಲುತ್ತದೆ. ಅದನ್ನು ವಸೂಲು ಮಾಡಿ ಕಟ್ಟುವವನು ವ್ಯಾಪಾರಿ. ಹಾಗೆ ಸೇರಿದ ಹಣವೇ ಕೇಂದ್ರ, ರಾಜ್ಯಗಳ ಸಂಚಿತ ನಿಧಿ. ಕಾನೂನಿನ ಆಧಾರವಿಲ್ಲದೆ ಅದರಿಂದ ಒಂದು ಕಾಸನ್ನೂ ತೆಗೆಯಕೂಡದೆಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ.

ವಿವೇಕಿಯಾದವನು ಸ್ವಂತ ಹಣವನ್ನು ಎಷ್ಟು ಎಚ್ಚರದಿಂದ ಖರ್ಚು ಮಾಡುತ್ತಾನೋ ಅಷ್ಟೇ ಎಚ್ಚರ ಸರ್ಕಾರಿ ಹಣದಲ್ಲೂ ಇರಬೇಕು. ಇದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಮಾತು. ಕಚೇರಿಯ ಖರ್ಚಿಗೆ ನೌಕರ ಮುಂಗಡ ಪಡೆದರೆ 15 ದಿನಗಳೊಳಗೆ ಬಿಲ್ಲನ್ನೂ ಉಳಿಕೆಯನ್ನೂ ಒಪ್ಪಿಸಬೇಕು. ತಪ್ಪಿದರೆ ಮುಂದಿನ ಸಂಬಳದಲ್ಲಿ ಮುರಿದುಕೊಳ್ಳಬೇಕು. ಸಕಾಲದಲ್ಲಿ ವಸೂಲು ಮಾಡಿಸುವ ಹೊಣೆ ಕಚೇರಿಯ ಮುಖ್ಯಸ್ಥರದು.

ನಿಯಮ ನ್ಯಾಯವಾದದ್ದೇ. ಆದರೆ ಅದು ಗುಮಾಸ್ತನ ಸಂಬಳಕ್ಕೆ ಕೈಹಾಕಿ, ಮೇಲಿನವರ ವಿಷಯದಲ್ಲಿ ಕಣ್ಣು ಮುಚ್ಚಿದರೆ ನ್ಯಾಯ ಉಳಿಯದು. ರಾಜ್ಯದ ಲೆಕ್ಕ ತಪಾಸಣೆಯ ವರದಿ 151ನೇ ವಿಧಿಯಂತೆ ಶಾಸನಸಭೆಯ ಮುಂದೆ ಬರುತ್ತದೆ. ಅದನ್ನು ಓದಿದಿರಾ, ಪ್ರಶ್ನಿಸಿದಿರಾ ಎಂದು ನಿಮ್ಮ ಶಾಸಕರನ್ನು ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕಚೇರಿಯ ಖರ್ಚಿನ ಲೆಕ್ಕವನ್ನು ನೀವೇ ಕೇಳಬಹುದು.

ಹಣ ನಮ್ಮದು. ಲೆಕ್ಕ ಕೇಳೋಣ.