ಘೋಷಣೆಯಾದ ಹಣ, ಖರ್ಚಾದ ಹಣ

(ಪದವೀಧರ ಯುವಕ-ಯುವತಿಯರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜಮಾಅತಿನ ವಾರ್ಷಿಕ ಮಹಾಸಭೆಯನ್ನು ತಾವೆಲ್ಲರೂ ಕಂಡಿದ್ದೀರಿ. ಮುಂದಿನ ವರ್ಷ ಇಷ್ಟು ಖರ್ಚು ಮಾಡಲಿದ್ದೇವೆ ಎಂದು ಕಾರ್ಯದರ್ಶಿಗಳು ಹೇಳುವಾಗ ಸಭೆ ಸುಮ್ಮನಿರುತ್ತದೆ. ಕಳೆದ ವರ್ಷದ ಖರ್ಚನ್ನು ಓದತೊಡಗಿದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ರಶೀದಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆದರೆ ಸರಕಾರದ ಬಜೆಟಿನ ವಿಷಯದಲ್ಲಿ ನಾವು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತೇವೆ. ಘೋಷಣೆಯ ದಿನ ಸ್ವಾಗತಿಸುತ್ತೇವೆ ಅಥವಾ ಖಂಡಿಸುತ್ತೇವೆ. ಲೆಕ್ಕ ಹೊರಬರುವ ದಿನ ಎಲ್ಲವನ್ನೂ ಮರೆತಿರುತ್ತೇವೆ.

ಒಮ್ಮೆ ವಿದ್ಯಾರ್ಥಿವೇತನದ ಅಹವಾಲು ಹಿಡಿದು ನಾವು ಕೆಲವರು ಅಧಿಕಾರಿಯೊಬ್ಬರನ್ನು ಕಂಡೆವು. ಕೈಯಲ್ಲಿದ್ದುದು ಪತ್ರಿಕೆಯ ಒಂದು ತುಣುಕು. ಅವರು ಅದನ್ನು ಓದಿ, "ಇದು ಆಯವ್ಯಯ ಅಂದಾಜೋ, ಪರಿಷ್ಕೃತ ಅಂದಾಜೋ, ನಿಜವಾದ ಖರ್ಚೋ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಹವಾಲು ನ್ಯಾಯವಾದುದೇ ಆಗಿತ್ತು. ಆದರೆ ಆಧಾರವಿಲ್ಲದ ನ್ಯಾಯ ಮೇಜಿನ ಮೇಲೆಯೇ ಉಳಿಯಿತು.

ಆ ಮೂರು ಪದಗಳಲ್ಲಿಯೇ ಬಜೆಟಿನ ಕೀಲಿಕೈ ಇದೆ. ವರ್ಷದ ಆರಂಭಕ್ಕೆ ಮುನ್ನ ಮಾಡುವುದು ಆಯವ್ಯಯ ಅಂದಾಜು. ವರ್ಷ ಮುಗಿಯುತ್ತಾ ಬಂದಾಗ ತಿದ್ದುವುದು ಪರಿಷ್ಕೃತ ಅಂದಾಜು. ನಿಜವಾಗಿ ಖರ್ಚಾದ ಮೊತ್ತ ಪ್ರಕಟವಾಗುವುದು ಮತ್ತೊಂದು ವರ್ಷ ಕಳೆದ ಮೇಲೆ. 2024-25ರ ಬಜೆಟ್ ಪುಸ್ತಕದಲ್ಲಿ ಸಿಗುವ ವಾಸ್ತವ ಖರ್ಚು 2022-23ರದು.

ಒಂದು ಉದಾಹರಣೆ ನೋಡೋಣ. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ 2022-23ರಲ್ಲಿ 5,020 ಕೋಟಿ ರೂಪಾಯಿಗಳ ಅಂದಾಜು ಪ್ರಕಟವಾಯಿತು. ಅದೇ ವರ್ಷದ ಪರಿಷ್ಕೃತ ಅಂದಾಜು 2,612 ಕೋಟಿ. ಮರುವರ್ಷ 3,097 ಕೋಟಿ ಎಂದು ಘೋಷಣೆಯಾಯಿತು. ಹಿಂದಿನ ಘೋಷಣೆಗೆ ಹೋಲಿಸಿದರೆ ಇದು ಭಾರೀ ಕಡಿತ, ಪರಿಷ್ಕೃತ ಮೊತ್ತಕ್ಕೆ ಹೋಲಿಸಿದರೆ ಏರಿಕೆ. ಎರಡೂ ಸುಳ್ಳಲ್ಲ. ತಮಗೆ ಬೇಕಾದುದನ್ನು ಪ್ರತಿಯೊಬ್ಬರೂ ಆರಿಸಿಕೊಂಡರು. ಒಂದರಿಂದ ಎಂಟನೇ ತರಗತಿಯ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರವು ನಿಲ್ಲಿಸಿದ್ದು ಇದೇ 2022ರಲ್ಲಿ. ಅಂಕಿಗಳ ಹಿಂದೆ ಮಕ್ಕಳಿದ್ದಾರೆ ಎಂಬುದನ್ನು ಮರೆಯಬಾರದು.

ಹಾಗಾದರೆ ಈ ಮಾಹಿತಿ ಎಲ್ಲಿದೆ? ಗುಟ್ಟಾಗಿ ಏನೂ ಇಲ್ಲ. ಸಂವಿಧಾನದ 112ನೇ ವಿಧಿಯಂತೆ ಕೇಂದ್ರವೂ, 202ನೇ ವಿಧಿಯಂತೆ ರಾಜ್ಯವೂ ವರ್ಷದ ಆಯವ್ಯಯವನ್ನು ಸದನದ ಮುಂದಿಡಲೇಬೇಕು. ಕೇಂದ್ರದ ಹಣಕಾಸು ಸಚಿವಾಲಯ ಮತ್ತು ಕರ್ನಾಟಕದ ಆರ್ಥಿಕ ಇಲಾಖೆ ಈ ಸಂಪುಟಗಳನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸುತ್ತವೆ. ಬಜೆಟ್ ಭಾಷಣದಲ್ಲಿಯೇ ನಿಲ್ಲದಿರಿ. ಅದು ಮುಖಪುಟ ಮಾತ್ರ. ಇಲಾಖಾವಾರು ಬೇಡಿಕೆಗಳ ಸಂಪುಟವನ್ನು ತೆರೆಯಿರಿ. ಅಲ್ಲಿ ಪ್ರತಿಯೊಂದು ಖರ್ಚಿಗೂ ಲೆಕ್ಕ ಶೀರ್ಷಿಕೆಯ ಸಂಖ್ಯೆಯಿದೆ. 2202 ಸಾಮಾನ್ಯ ಶಿಕ್ಷಣ. 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. 2225 ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ. ಈ ಸಂಖ್ಯೆಗಳು ಎಲ್ಲಾ ರಾಜ್ಯಗಳಲ್ಲೂ ಒಂದೇ. ಆದ್ದರಿಂದ ಕರ್ನಾಟಕವನ್ನು ಕೇರಳದೊಂದಿಗೆ ಹೋಲಿಸಲು ಸಾಧ್ಯ.

ಎರಡನೆಯದಾಗಿ, ಮಹಾಲೆಕ್ಕಪರಿಶೋಧಕರ, ಅಂದರೆ ಸಿಎಜಿಯ ವರದಿಗಳು. ಅವುಗಳೊಂದಿಗೆ ಬರುವ ಧನವಿನಿಯೋಗ ಲೆಕ್ಕಗಳಲ್ಲಿ ಸದನ ಒಪ್ಪಿದ ಹಣ ಮತ್ತು ಖರ್ಚಾದ ಹಣ ಅಕ್ಕಪಕ್ಕದಲ್ಲಿರುತ್ತವೆ. ಖರ್ಚಾಗದ ಮೊತ್ತಕ್ಕೆ ಅಲ್ಲಿ 'ಉಳಿತಾಯ' ಎಂದು ಹೆಸರು. ಮನೆಯಲ್ಲಿ ಅದು ಒಳ್ಳೆಯ ಮಾತು. ಸರಕಾರದ ಲೆಕ್ಕದಲ್ಲಿ ಅದು ಯಾರಿಗೋ ತಲುಪದೇ ಉಳಿದ ಹಣವೂ ಆಗಿರಬಹುದು. ಕಾರಣದ ಕಾಲಮನ್ನೂ ಓದಿರಿ. ತಪ್ಪು ಇಲಾಖೆಯದೋ, ಅರ್ಜಿಯನ್ನೇ ಹಾಕದ ನಮ್ಮದೋ ಎಂಬುದನ್ನು ತಿಳಿಯದೆ ಆರೋಪಿಸುವುದು ನ್ಯಾಯವಲ್ಲ.

ಮೂರನೆಯದಾಗಿ, ರಾಜ್ಯಗಳ ಹಣಕಾಸಿನ ಕುರಿತು ರಿಸರ್ವ್ ಬ್ಯಾಂಕ್ ಪ್ರಕಟಿಸುವ ಅಧ್ಯಯನ. ಹಲವು ವರ್ಷಗಳ ಹೋಲಿಕೆಗೆ ಇದು ಅನುಕೂಲ. ದೆಹಲಿಯ ಪಿಆರ್‌ಎಸ್ ಸಂಸ್ಥೆಯು ರಾಜ್ಯ ಬಜೆಟುಗಳ ಸಂಕ್ಷಿಪ್ತ ವಿಶ್ಲೇಷಣೆಯನ್ನು ಉಚಿತವಾಗಿ ನೀಡುತ್ತದೆ. ಹೊಸಬರು ಇಲ್ಲಿಂದ ಆರಂಭಿಸಬಹುದು, ಆದರೆ ಮೂಲ ದಾಖಲೆಯನ್ನು ನೋಡದೆ ಮುಗಿಸಬಾರದು.

ಇಷ್ಟರಲ್ಲೂ ಸಿಗದ ವಿವರವೊಂದಿದೆ. ನಮ್ಮ ತಾಲೂಕಿಗೆ ಎಷ್ಟು ಬಂತು, ಎಷ್ಟು ಮಂದಿಗೆ ಸಿಕ್ಕಿತು ಎಂಬುದು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. "ನಮಗೇಕೆ ಅನ್ಯಾಯ?" ಎಂದು ಬರೆದರೆ ಉತ್ತರ ಬಾರದು. ಯೋಜನೆಯ ಹೆಸರು, ವರ್ಷ, ಬಿಡುಗಡೆಯಾದ ಮೊತ್ತ, ಫಲಾನುಭವಿಗಳ ಸಂಖ್ಯೆ, ಇಷ್ಟನ್ನೇ ಕೇಳಿರಿ.

2006ರ ಸಾಚಾರ್ ಸಮಿತಿಯ ವರದಿಯನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾಗದೇ ಹೋದುದು ಅದರ ಭಾವುಕತೆಯಿಂದಲ್ಲ, ಸರಕಾರದ್ದೇ ಅಂಕಿ ಅಂಶಗಳಿಂದ. ವೇದಿಕೆಗಳಲ್ಲಿ ಆ ವರದಿಯ ಹೆಸರು ಹೇಳಿದವರು ನಾವು. ಅಂತಹ ಲೆಕ್ಕವನ್ನು ನಮ್ಮ ಊರಲ್ಲಿ ಮುಂದುವರಿಸಿದವರು ಎಷ್ಟು ಮಂದಿ?

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಪ್ರತಿ ಊರಿನಲ್ಲೂ ಇಬ್ಬರು ಪದವೀಧರರು ಒಂದೇ ಒಂದು ಯೋಜನೆಯನ್ನು ಆರಿಸಿ, ಐದು ವರ್ಷಗಳ ಮೂರೂ ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಮುಂದಿನ ಬಾರಿ ಅಧಿಕಾರಿಗಳನ್ನು ಕಾಣುವಾಗ ಪತ್ರಿಕೆಯ ತುಣುಕು ಬೇಡ, ಆ ಪುಸ್ತಕ ಕೈಯಲ್ಲಿರಲಿ.