ಲಡಾಖ್‌ಗೆ ಹೊರಟವರೇ, ಗುದ್ದಲಿಯನ್ನೂ ಹಿಡಿಯಿರಿ

ಜೂನ್ ಬಂತೆಂದರೆ ಬೆಂಗಳೂರಿನ ಬೈಕುಗಳು ಲಡಾಖ್‌ನ ದಾರಿ ಹಿಡಿಯುತ್ತವೆ. ಖರ್ದುಂಗ್ ಲಾದಲ್ಲಿ ಒಂದು ಫೋಟೊ, ಪ್ಯಾಂಗಾಂಗ್ ದಂಡೆಯಲ್ಲಿ ಒಂದು ರಾತ್ರಿ, ಮತ್ತೆ ವಾಪಸ್. ಗೆಳೆಯರೇ, ಈ ಸಲ ರಜೆ ಹತ್ತು ದಿನ ಹೆಚ್ಚಿಗೆ ಹಾಕಿ. ಅಲ್ಲಿನ ತೋಟಗಳಿಗೆ ನಿಮ್ಮ ಕೈ ಬೇಕು. ನಿಮಗೆ ಆ ತೋಟಗಳ ಪಾಠ ಬೇಕು.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ 100 ಮಿಲಿಮೀಟರ್ ಆಸುಪಾಸು. ಚಳಿ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಅಂಥಲ್ಲಿ ಜನವರಿಯಲ್ಲೂ ಪಾಲಕ್, ಕೊತ್ತಂಬರಿ ಕೊಯ್ಯುತ್ತಾರೆ! ಅಲ್ಲಿನ ಒಂದು ಗ್ರೀನ್‌ಹೌಸ್‌ನೊಳಗೆ ಬಗ್ಗಿ ಹೋಗಿ ನೋಡಿ. ದಕ್ಷಿಣಕ್ಕೆ ಪ್ಲಾಸ್ಟಿಕ್ ಹಾಳೆ, ಉಳಿದ ಮೂರು ಕಡೆ ಹಸಿ ಇಟ್ಟಿಗೆಯ ದಪ್ಪ ಗೋಡೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಆ ಕಾವನ್ನು ಸೊಪ್ಪಿನ ಮಡಿಗೆ ಬಿಟ್ಟುಕೊಡುತ್ತದೆ. ಹೀಟರಿನ ಹಂಗಿಲ್ಲ.

ನೀರಿನ ಕಥೆ ಇನ್ನೂ ದೊಡ್ಡದು. ಬಿತ್ತನೆಯ ಏಪ್ರಿಲ್-ಮೇನಲ್ಲಿ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಚಳಿಗಾಲದ ತೊರೆ ಸುಮ್ಮನೆ ಹರಿದುಹೋಗಿರುತ್ತದೆ. ಅದನ್ನು ಊರ ಮೇಲೇ ತಡೆದು ಹೆಪ್ಪುಗಟ್ಟಿಸಿದವರು ಎಂಜಿನಿಯರ್ ಚೆವಾಂಗ್ ನೋರ್ಫೆಲ್. ಸೋನಮ್ ವಾಂಗ್ಚುಕ್ ಅದನ್ನೇ ಸ್ತೂಪದಂತೆ ಎತ್ತರಕ್ಕೆ ಕಟ್ಟಿಸಿದರು. ಬಿಸಿಲಿಗೆ ಮೈ ಕಡಿಮೆ ಒಡ್ಡಿದಷ್ಟೂ ಮಂಜುಗಡ್ಡೆ ಹೆಚ್ಚು ದಿನ ಬಾಳುತ್ತದೆ. ಪಂಪು ಬೇಕಿಲ್ಲ, ಇಳಿಜಾರಿನ ಒತ್ತಡವೇ ಪೈಪಿನ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಫ್ಯಾಂಗ್ ಗ್ರಾಮದಲ್ಲಿ ಆ ಮಂಜುಗಡ್ಡೆ ಕರಗಿದ ನೀರನ್ನು ನಂಬಿ ಊರವರೇ ಸಸಿಗಳನ್ನು ನೆಟ್ಟರು. ಸರದಿ ಪ್ರಕಾರ ಹೊಲಗಳಿಗೆ ನೀರು ಬಿಡಲು ಲಡಾಖ್‌ನ ಊರುಗಳಲ್ಲಿ 'ಚುರ್ಪೋನ್' ಇರುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯ ಅಣ್ಣನೆನ್ನಿ.

ಕಲಿಕೆಗೂ ಅಲ್ಲಿ ತೋಟವೇ ಶಾಲೆ. 1988ರಲ್ಲಿ ಲಡಾಖಿ ಯುವಕರು ಕಟ್ಟಿದ ಸೆಕ್ಮೋಲ್ ಸಂಸ್ಥೆಯ ಫೇ ಗ್ರಾಮದ ಆವರಣಕ್ಕೆ ಹತ್ತನೇ ತರಗತಿಯಲ್ಲಿ ಫೇಲಾದ ಮಕ್ಕಳು ಬಂದರು, ತರಕಾರಿ ಬೆಳೆದರು, ಆವರಣದ ಕೆಲಸಗಳನ್ನು ತಾವೇ ಹಂಚಿಕೊಂಡು ನಡೆಸಿದರು. ಹೊರಗಿನಿಂದ ಬಂದ ಸ್ವಯಂಸೇವಕರು ಅವರ ಜೊತೆ ಕೂತು ಮಾತಾಡಿದರು, ದುಡಿದರು. ಪರೀಕ್ಷೆ ಕೈಬಿಟ್ಟ ಹುಡುಗನಿಗೆ ತಾನು ನೆಟ್ಟ ಗಿಡ ಚಿಗುರಿದಾಗ ಬರುವ ಧೈರ್ಯವನ್ನು ಯಾವ ಅಂಕಪಟ್ಟಿಯೂ ಕೊಡಲಾರದು ಎಂದೇ ನಾನು ನಂಬಿದ್ದೇನೆ.

ಹಾಗಾಗಿ ಕೇಳುತ್ತೇನೆ: ಹೋಗುವ ಮೊದಲೇ ಅಲ್ಲಿನ ಒಂದು ಊರನ್ನೋ ಸಂಸ್ಥೆಯನ್ನೋ ಸಂಪರ್ಕಿಸಿ, ಯಾವ ಕೆಲಸಕ್ಕೆ ಜನ ಬೇಕೆಂದು ವಿಚಾರಿಸಿ. ತಲುಪಿದ ಮೇಲೆ ಎತ್ತರಕ್ಕೆ ಮೈ ಒಗ್ಗಲು ಎರಡು-ಮೂರು ದಿನ ಸುಮ್ಮನಿರಿ. ಆಮೇಲೆ ಅವರು ತೋರಿಸಿದ ಮಡಿಯಲ್ಲಿ ಗುದ್ದಲಿ ಹಿಡಿಯಿರಿ, ಕಾಲುವೆಯ ಹೂಳೆತ್ತಿ. ಊರಿಗೆ ಮರಳಿ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ನಿಮ್ಮೂರ ಸರ್ಕಾರಿ ಶಾಲೆಯ ಹಿತ್ತಲಿಗೆ ತೋಟ ಮಾಡಲು ನಡೆಯಿರಿ. ಬರದ ನಾಡೆಂದು ನಾವು ಮರುಗುವ ಕೋಲಾರದಲ್ಲೂ ಲೇಹ್‌ನ ಐದು ಪಟ್ಟಿಗಿಂತ ಹೆಚ್ಚು ಮಳೆ ಬೀಳುತ್ತದೆ.