ಕಾಣದ್ದೆಲ್ಲ ಇಲ್ಲದ್ದಲ್ಲ



ಕಣ್ಣಿಗೆ ಕಾಣದ್ದನ್ನು ನಾವು ಇಲ್ಲವೇ ಇಲ್ಲ ಎಂದುಬಿಡುತ್ತೇವೆ. ಸೂಕ್ಷ್ಮದರ್ಶಕದ ಕಥೆ ಕೇಳಿದರೆ ಈ ಅವಸರ ಕಡಿಮೆಯಾದೀತು.

ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಲೀವೆನ್‌ಹುಕ್ ಎಂಬ ಜವಳಿ ವ್ಯಾಪಾರಿ ಇದ್ದ. ತಾನೇ ಮಾಡಿದ ಪುಟ್ಟ ಮಸೂರದಿಂದ ಒಂದು ಹನಿ ನೀರು ನೋಡಿದ. ಏನಾಶ್ಚರ್ಯ! ಹನಿಯೊಳಗೆ ಜೀವಿಗಳು ಓಡಾಡುತ್ತಿದ್ದವು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ವಿದ್ವಾಂಸರು ಸಂಶಯಪಟ್ಟರು. ಮರುವರ್ಷ ರಾಬರ್ಟ್ ಹುಕ್ ಎದುರಿಗೇ ತೋರಿಸಿದ ಮೇಲೆ ಒಪ್ಪಿದರು.

ಆದರೆ ಬೆಳಕಿಗೂ ಒಂದು ಮೇರೆಯುಂಟು. ಬೆಳಕು ಅಲೆಯಾಗಿ ಬರುತ್ತದೆ. ಆ ಅಲೆಯ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಒಂದೇ ಆಗಿ ಕಾಣುತ್ತವೆ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಇದನ್ನು ತಿಳಿಸಿದ. ಮಿಲಿಮೀಟರಿನ 5000ದಲ್ಲಿ ಒಂದು ಭಾಗ. ಅಲ್ಲಿಗೆ ಬೆಳಕಿನ ಓಟ ಮುಗಿಯಿತು. ದಪ್ಪ ಬೆರಳಿಗೆ ಜೋಡಿ ಸಾಸಿವೆ ಬೇರೆ ಬೇರೆಯಾಗಿ ತಿಳಿದೀತೇ?

1931ರಲ್ಲಿ ಬರ್ಲಿನ್ನಿನ ನೋಲ್ ಮತ್ತು ರುಸ್ಕಾ ಬೆಳಕನ್ನೇ ಬಿಟ್ಟು ಎಲೆಕ್ಟ್ರಾನುಗಳನ್ನು ಹಿಡಿದರು. ಅವುಗಳ ಅಲೆ ಬಹು ಕಿರಿದು. ಗಾಜಿನ ಮಸೂರದ ಬದಲು ಆಯಸ್ಕಾಂತದ ಸುರುಳಿ. ಮುಂದೆ ವೈರಸ್ಸುಗಳೂ ಕಂಡವು.

1981ರಲ್ಲಿ ಜ್ಯೂರಿಕ್ಕಿನ ಬಿನ್ನಿಗ್ ಮತ್ತು ರೋರರ್ ನೋಡುವುದನ್ನೇ ಬಿಟ್ಟರು, ತಡವಲು ಹೊರಟರು! ಅತಿ ಚೂಪಾದ ಸೂಜಿ. ಅದನ್ನು ಲೋಹದ ಮೇಲೆ, ತಾಗದಂತೆ, ಕೆಲವೇ ಅಣುಗಳಷ್ಟು ಅಂತರದಲ್ಲಿ ಹಿಡಿದರು. ನಡುವಿನ ತೆರಪನ್ನು ವಿದ್ಯುತ್ತು ದಾಟುತ್ತದೆ. ಅಂತರ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು ಹೆಚ್ಚಿದರೆ ವಿದ್ಯುತ್ತು ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಅದು ಸಮನಾಗಿರುವಂತೆ ಸೂಜಿಯನ್ನು ಏರಿಸಿ ಇಳಿಸುತ್ತ ಸಾಗಿದರೆ, ಆ ಏರಿಳಿತವೇ ಪರಮಾಣುಗಳ ನಕ್ಷೆ. ಕಣ್ಣಿಲ್ಲದವರು ಕೋಲಿನಿಂದ ದಾರಿ ಅರಿಯುವುದಿಲ್ಲವೇ? ಹಾಗೆ. 1986ರಲ್ಲಿ ಇವರಿಬ್ಬರಿಗೂ ಮುದುಕ ರುಸ್ಕಾನಿಗೂ ಕೂಡಿಯೇ ನೊಬೆಲ್ ಬಂದಿತು. ವಿದ್ಯುತ್ತು ಹರಿಯದ ವಸ್ತುವನ್ನೂ ತಡವುವ ಸೂಜಿ ಅದೇ ವರ್ಷ ಬಂದಿತು.

ಹಾಗೆಂದು ಕಾಣದ್ದನ್ನೆಲ್ಲ ನಂಬಿರೆಂದು ನಾವು ಹೇಳುವುದಿಲ್ಲ. ಲೀವೆನ್‌ಹುಕ್‌ನ ಮಾತನ್ನೂ ಪರೀಕ್ಷಿಸಿಯೇ ಒಪ್ಪಿದರು. ಪರೀಕ್ಷಿಸದೆ ಇಲ್ಲವೆನ್ನಬೇಡಿ, ಇಷ್ಟೇ.

ಮನೆಯಲ್ಲಿ ಯಾರಿಗೋ ಎರಡು ವಾರದಿಂದ ಕೆಮ್ಮು. "ನನಗೇನಾಗಿದೆ, ಗಟ್ಟಿಯಾಗಿದ್ದೇನೆ" ಎನ್ನುತ್ತಾರೆ. ಕ್ಷಯದ ರೋಗಾಣು ಬರಿಗಣ್ಣಿಗೆ ಕಾಣದು; 1882ರಲ್ಲಿ ರಾಬರ್ಟ್ ಕಾಖ್ ಬಣ್ಣ ಹಾಕಿ ಅದನ್ನು ತೋರಿಸಿದ. ಕಫ ಪರೀಕ್ಷೆ ಮಾಡಿಸಿರಿ. ಅಣುಗಳು ಕಡಿಮೆಯಿದ್ದರೆ ಸೂಕ್ಷ್ಮದರ್ಶಕಕ್ಕೂ ತಪ್ಪಿಸಿಕೊಳ್ಳುತ್ತವೆ. ವೈದ್ಯರು ಮತ್ತೊಂದು ಪರೀಕ್ಷೆ ಹೇಳಿದರೆ ಬೇಸರಿಸದೆ ಹೋಗಿರಿ. ಒಂದು ಕಣ್ಣಿಗೆ ಸಿಗದ್ದು ಇನ್ನೊಂದಕ್ಕೆ ಸಿಕ್ಕೀತು. ಹೊತ್ತಿಗೆ ಸಿಕ್ಕರೆ ಜೀವ ಉಳಿದೀತು.